ಮಾಮಾ ಬರೆಯದ ಕಾಗದ

ಔರಾದ
6-7-1958

ಚಿರಂಜೀವಿ ಮೀರಾಳಿಗೆ,

ಬೀದರಿನಲ್ಲಿ ನಿನ್ನ ಹೆಸರಿಗೆ ಬರುವ ಮೊದಲ ಕಾಗದ ನಿನ್ನ ಮಾಮಾನದೇ ಆಗಿರಬೇಕೆಂದು ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನಪ್ಪ ನನಗಿಂತ ಮೊದಲು ಬರೆದಿದ್ದರೆ ಆ ಮಾತು ಬೇರೆ. ಆದರೆ ಗೋರಖನಾಥ ಭಾವ ಕೂರಿಗೆ ಬಿಟ್ಟು ಪೆನ್ನು ಹಿಡಿದದ್ದನ್ನು ನಾನಂತೂ ಈ ತನಕ ಕಂಡಿಲ್ಲ.

ನೀನು ಕಾಲೇಜಿಗೆ ಹೆಸರು ಹಚ್ಚಿದ ಸುದ್ದಿಯನ್ನು ತಹಶೀಲ ಕಚೇರಿ ಎದುರಿನ ಬೇವಿನ ಗಿಡದ ಕೆಳಗೆ ಬಂದುಹೋದವರಿಗೆಲ್ಲ ಹೇಳಿದೆ. ಕೆಲವರಿಗೆ ಎರಡೆರಡು ಸಲ ಹೇಳಿದೆನಂತೆ. ನನ್ನ ಪಕ್ಕದಲ್ಲೇ ಚಾಪೆ ಹಾಸಿ ಉರ್ದು ಅರ್ಜಿ ಬರೆಯುವ ಅಬ್ದುಲ ಗಫೂರ ಸಾಹೇಬರು ಕನ್ನಡಕ ಹಣೆಗೇರಿಸಿ, "ಕಾಶೀರಾಮ, ಜಿಲ್ಲಾ ಮೈಸೂರಿಗಿ ಕೂಡ್ತು, ನಿನ್ನ ಕನ್ನಡಕ್ಕ ದಿನ ಬಂತು. ಈಗ ನಿನ್ನ ಸೊಸಿ ಬ್ಯಾರೆ ಕಾಲೇಜಿಗಿ ಹೊಂಟಾಳ. ನಾಳಿ ನನ್ನ ಚಾಪಿನೂ ನೀನೇ ಸುತ್ಕೊಂಡು ಹೋಗಿಬಿಡು" ಎಂದರು. ನಕ್ಕೇ ಅಂದರು. ಆದರೆ ಈಗ ಅವರ ಚಾಪೆಯ ಮುಂದೆ ಜನ ಕೂಡುವುದು ಕಡಿಮೆಯಾಗಿದೆ, ಅದಕ್ಕೆ ನಾನು ಜೋರಾಗಿ ನಗಲಿಲ್ಲ.

ನಾನು ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಬೆಲ್ಲ ಕಟ್ಟಿಕೊಟ್ಟ ಹಳೆಯ ಪತ್ರಿಕೆಯ ಹಾಳೆ ಬಿಡಿಸಿ, ಇರುವೆ ಓಡಿಸಿ, ಅಕ್ಷರ ಕೂಡಿಸಿದವನು. ಕಾಲೇಜಿನಲ್ಲಿ ಕನ್ನಡವನ್ನು ಹೇಗೆ ಕಲಿಸುತ್ತಾರೆ, ಏನು ಬರೆಸುತ್ತಾರೆ, ತಪ್ಪಾದರೆ ಏನನ್ನುತ್ತಾರೆ, ಇದೆಲ್ಲ ತಿಳಿಯಬೇಕೆಂದು ಭಾಳ ಆಸೆ. ನೀನು ಬರೆದದ್ದನ್ನು ಒಂದೊಂದಾಗಿ ನನಗೂ ಕಳಿಸು. ನೀನು ಎರಡು ಸಲ ಕಲಿತಂತಾಗುತ್ತದೆ, ನಾನು ಒಂದು ಸಲ.

ಶನಿವಾರ ಭಾಲ್ಕಿಗೆ ಹೋದಾಗ ನಿನ್ನವ್ವನಿಗೆ, ನನ್ನ ಅಕ್ಕನಿಗೆ, ಈ ಕಾಗದ ಓದಿ ಹೇಳು. ಇರುವೆಯ ಮಾತು ಬಂದಾಗ ನಗುತ್ತಾಳೆ, ನೋಡು.

ನಿನ್ನ ಮಾಮಾ,
ಕಾಶೀರಾಮ


ಬೀದರ
20-7-1958

ಮಾಮಾ, ಮಾಮಿ ಇಬ್ಬರಿಗೂ ಮೀರಾಳ ನಮಸ್ಕಾರಗಳು.

ನಿಮ್ಮ ಕಾಗದವೇ ಮೊದಲು ಬಂತು. ನನಗೆ ಕೋಣೆ ಕೊಟ್ಟಿರುವ ಸಲೋಮಿ ಟೀಚರು ಅದನ್ನು ಕೈಯಲ್ಲಿ ಹಿಡಿದು, "ಅಕ್ಷರ ನೋಡಿದ್ರ ನಿಮ್ಮ ಮಾಮಾ ತಹಶೀಲ್ದಾರರು ಇದ್ದಂಗ ಅದಾರಲ್ಲ" ಎಂದರು. ನಾನು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ನಮಗೆ ಕನ್ನಡ ಬರವಣಿಗೆ ಕಲಿಸುವ ಸರ್ ಮೈಸೂರು ಕಡೆಯವರು. ವಾರಕ್ಕೊಂದು ಪ್ರಬಂಧ ಬರೆಸುತ್ತಾರೆ. ಮೊದಲನೆಯದು 'ಮಳೆಗಾಲ'. ಉಳಿದವರು ನವಿಲು, ಕಾಮನಬಿಲ್ಲು ಬರೆದರು. ನಾನು ನಮ್ಮ ಮನೆಯ ಮಾಳಿಗೆ ಸೋರುವುದನ್ನು ಬರೆದೆ. ಅವ್ವ ಎಲ್ಲೆಲ್ಲಿ ಯಾವ ಪಾತ್ರೆ ಇಡುತ್ತಾಳೆ, ಕತ್ತಲೆಯಲ್ಲಿ ಹನಿ ಬೀಳುವ ಸಪ್ಪಳದ ಮೇಲೆಯೇ ಯಾವುದು ತುಂಬಿತೆಂದು ಹೇಗೆ ತಿಳಿಯುತ್ತಾಳೆ, ಅದನ್ನೆಲ್ಲ. ಪುಟ ತಿರುಗಿ ಬಂದಾಗ ತುಂಬ ಕೆಂಪು ಸುತ್ತುಗಳಿದ್ದವು. ಕೆಳಗೆ, 'ಅನುಭವ ನಿಜವಾದದ್ದು. ಭಾಷೆ ಇನ್ನೂ ಮನೆಯಿಂದ ಹೊರಗೆ ಬಂದಿಲ್ಲ' ಎಂದು ಬರೆದಿದ್ದರು.

ನನಗೆ ಸಿಟ್ಟು ಬಂತು. ಆಮೇಲೆ ಹಠ ಬಂತು. ಕೂತು, ಸುತ್ತು ಹಾಕಿದ ಒಂದೊಂದು ಮಾತನ್ನೂ ತೆಗೆದು ಅವರ ಮಾತು ಇಟ್ಟು ಮತ್ತೆ ಬರೆದೆ. ಸರ್ 'ಉತ್ತಮ' ಎಂದರು. ಆದರೆ ಮಾಮಾ, ತಪ್ಪಿಲ್ಲದ ಆ ಪುಟದಲ್ಲಿ ನಮ್ಮ ಮಾಳಿಗೆ ಸೋರುತ್ತಲೇ ಇರಲಿಲ್ಲ. ಹಾಗಾದರೆ ಬರೆಯಲು ಕಲಿಯುವುದೆಂದರೆ ಏನು? ಇದನ್ನು ಕೇಳಲು ನನಗೆ ಧೈರ್ಯವಾಗಲಿಲ್ಲ.

ಇನ್ನೊಂದು ಚಿಂತೆ. ಮುಂದಿನ ವರ್ಷ ಯಾವುದನ್ನು ಮುಖ್ಯ ವಿಷಯವಾಗಿ ಓದುತ್ತೇವೆಂದು ದೀಪಾವಳಿ ಸೂಟಿಗೆ ಮುಂಚೆ ಬರೆದು ಕೊಡಬೇಕು. ಒಮ್ಮೆ ಕೊಟ್ಟರೆ ಬದಲಿಸಲು ಬರುವುದಿಲ್ಲ. ನನಗೆ ಕನ್ನಡ ತೆಗೆದುಕೊಳ್ಳುವ ಮನಸ್ಸಿದೆ. ಅಪ್ಪ ಕೇಳಿ, "ಅರ್ಥಶಾಸ್ತ್ರ ತಗೋ. ಹೊಸ ಸರಕಾರದ ಆಫೀಸಿನ್ಯಾಗ ಅದಕ್ಕ ಕುರ್ಚಿ ಅದ. ಕನ್ನಡ ಮನ್ಯಾಗ ಮಾತಾಡ್ಲತಿವಲ್ಲ, ಅದಕ್ಯಾಕ ಕಾಲೇಜು?" ಎಂದರು. ಅವ್ವನನ್ನು ಕೇಳಿದೆ. "ಯಾವದರ ತಗೋ ನಮ್ಮವ್ವ. ನಮ್ಮ ಕಾಶ್ಯಾನ ಕಾಗದ ಬಂದ್ರ ಓದಿ ಹೇಳ್ಲಿಕ್ಕಿ ಬರಬೇಕ್, ಅಷ್ಟಾದ್ರ ಸಾಕು" ಎಂದಳು. ಇರುವೆಗೆ ನಕ್ಕಳು.

ಈಗ ಪತ್ರ ಬರೆಯುವ ಪಾಠ ಶುರುವಾಗಿದೆ. ಲಗ್ನಪತ್ರಿಕೆ, ಅರ್ಜಿ, ಕ್ಷಮೆ ಕೇಳುವ ಪತ್ರ, ಸಾವಿನ ಸುದ್ದಿ. ಇದು ನಿಮ್ಮ ವಿದ್ಯೆ. ಆದ್ದರಿಂದ ಒಂದೊಂದನ್ನೂ ಕಾರ್ಡಿನ ಮೇಲೆ ಬರೆದು ಮೊದಲು ನಿಮಗೆ ಕಳಿಸುತ್ತೇನೆ. ನೀವು ತಿದ್ದಿದ ಮೇಲೆ ಸರ್‌ಗೆ. ನೀವು ಮಾತ್ರ ಕೆಂಪು ಮಸಿ ಬಳಸಬೇಡಿರಿ.

ನಿಮ್ಮ,
ಮೀರಾ


ಔರಾದ
30-7-1958

ಚಿ. ಮೀರಾ,

ನಿನ್ನ ಲಗ್ನಪತ್ರಿಕೆ ಬಂತು, ಮನೆಯಲ್ಲಿ ಜಗಳವೂ ಬಂತು. ಟಪಾಲಿನ ಲಾಲ ಅಹ್ಮದ ಕಾರ್ಡು ಕೊಟ್ಟಾಗ ನಾನು ಸ್ನಾನಕ್ಕೆ ಕೂತಿದ್ದೆ. ನಿನ್ನ ಮಾಮಿ ಅವನ ಕೈಯಿಂದಲೇ ಓದಿಸಿಕೊಂಡಳು. ಮೀರಾಬಾಯಿಯ ಲಗ್ನ, ಜನವಾಡದ ವರ. ಶುರುವಾಯಿತು ನೋಡು!

"ಸ್ವಂತ ಮಾಮಾ ಇದ್ದಾನ, ಮನುಷ್ಯಾರ ಕಳ್ಸಿ ಕರೀಬೇಕು. ಕಾರ್ಡ್ ಹಾಕ್ಯಾರ, ಕಾರ್ಡ್! ನಿಮ್ಮಕ್ಕ ನಮಗ ಪರದೇಶಿ ಮಾಡಿದಳು."

"ಏ ಶೇವಂತಾ, ಅದು ಸುಳ್ಳು ಲಗ್ನ. ಕಾಲೇಜಿನ ಅಭ್ಯಾಸ."

"ಸುಳ್ಳು ಲಗ್ನ ಮಾಡ್ಲಿಕ್ಕಿ ಕಾಲೇಜಿಗಿ ಯಾಕ ಹೋಗಬೇಕ್ರಿ?"

ಲಾಲ ಅಹ್ಮದ ಬಾಗಿಲಲ್ಲೇ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದ. ಅವನಿಗೂ ಹೇಳಿಬಿಟ್ಟಿದ್ದೇನೆ, ಇನ್ನು ಮುಂದೆ ಈ ಹುಡುಗಿಯ ಕಡೆಯಿಂದ ಹುಟ್ಟು, ಸಾವು, ಲಗ್ನ ಏನು ಬಂದರೂ ಗಾಬರಿಯಾಗಬೇಡ ಎಂದು.

ಪತ್ರಿಕೆ ಚೆನ್ನಾಗಿದೆ. ಅಂಚಿಗೆ ಅರಿಶಿನ ಹಚ್ಚಿಲ್ಲ, ಅದೊಂದೇ ಕೊರತೆ. ನಿಮ್ಮ ಸರ್ ಅದಕ್ಕೆ ಅಂಕ ಕೊಡಲಿಕ್ಕಿಲ್ಲ, ಆದರೆ ನಮ್ಮ ಕಡೆ ಓದು ಬಾರದವರು ಕಾರ್ಡನ್ನು ಕಣ್ಣಿನಿಂದಲೇ ಓದುತ್ತಾರೆ. ಹಳದಿ ಕಂಡರೆ ಒಳಗೆ ಕರೆದು ಟಪಾಲಿನವನಿಗೆ ಬೆಲ್ಲ ಕೊಡುತ್ತಾರೆ.

ಸೋರದ ಮಾಳಿಗೆಯ ಮಾತು ಓದಿ ಎರಡು ದಿನ ಯೋಚಿಸಿದೆ. ನನ್ನ ಹತ್ತಿರ ಬರುವ ಜನ ಅಳುತ್ತ ಹೇಳುತ್ತಾರೆ, ನಾನು 'ಮಹಾಸ್ವಾಮಿಯವರ ಸನ್ನಿಧಿಗೆ' ಎಂದು ಬರೆಯುತ್ತೇನೆ. ಅವರ ಅಳು ನನ್ನ ಅರ್ಜಿಯಲ್ಲಿ ಎಲ್ಲಿ ಹೋಗುತ್ತದೋ ನನಗೂ ತಿಳಿದಿಲ್ಲ. ನೀನು ಕಲಿತು ನನಗೆ ಹೇಳು. ಅದಕ್ಕಾದರೂ ಕನ್ನಡವನ್ನೇ ತಗೋ. ಕುರ್ಚಿಯ ಮಾತಿಗೆ ಭಾವನನ್ನು ನಾನು ಒಪ್ಪಿಸುತ್ತೇನೆ, ದೀಪಾವಳಿಗೆ ಇನ್ನೂ ಬೇಕಾದಷ್ಟು ದಿನವಿದೆ.

ಕಾಶೀರಾಮ


ಭಾಲ್ಕಿ
12-8-1958

ಮಾಮಾ ಅವರಿಗೆ ನಮಸ್ಕಾರಗಳು.

ನಾನು ಕೆಲವು ದಿನ ಭಾಲ್ಕಿಯಲ್ಲೇ ಇದ್ದೇನೆ. ಕಾಲೇಜಿಗೆ ರಜಾ ಕೇಳಿ ಬಂದಿದ್ದೇನೆ. ಮಳೆ ಹಿಡಿದು ಬಿಟ್ಟಿದೆ, ಬಸ್ಸು ಒಂದು ದಿನ ಬಂದರೆ ಎರಡು ದಿನ ಇಲ್ಲ. ನಿಮ್ಮ ಕಡೆಯ ಹೊಳೆ ತುಂಬುತ್ತಿದೆಯೆಂದು ಹೇಳುತ್ತಾರೆ. ಅವ್ವ ಇಲ್ಲೇ ನನ್ನ ಪಕ್ಕದಲ್ಲಿ ಮಲಗಿದ್ದಾಳೆ. "ನಾ ಆರಾಮ ಇದ್ದೀನಂತ ಬರಿ. ಹೊಳಿ ಇಳಿಯುವ ತನಕ ಅತ್ಲಾಗಿಂದ ಯಾರೂ ಬರೂದು ಬ್ಯಾಡಂತ ಬರಿ" ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ಅರ್ಜಿ, ಕ್ಷಮೆಯ ಪತ್ರ ಎರಡನ್ನೂ ನೀವು ತಿದ್ದಿದಂತೆಯೇ ಕೊಟ್ಟೆ. ಸರ್ ಮೆಚ್ಚಿದರು. ಉಳಿದದ್ದು ಸಾವಿನ ಸುದ್ದಿ. ಅದೇ ಆಗುತ್ತಿಲ್ಲ. 'ನಮ್ಮ ದೂರದ ಬಂಧುಗಳಾದ ಶ್ರೀ ರಾಮಪ್ಪನವರು ಸ್ವರ್ಗಸ್ಥರಾದರೆಂದು ತಿಳಿಸಲು ವಿಷಾದವಾಗುತ್ತದೆ' ಎಂದು ಬರೆದೆ. ರಾಮಪ್ಪನವರು ಸತ್ತರು, ನನಗೇನೂ ಆಗಲಿಲ್ಲ. ಯಾರನ್ನು ಸಾಯಿಸಲಿ ಮಾಮಾ? ಈ ಪಾಠದಲ್ಲಿ ಸುಳ್ಳನ್ನು ನಿಜದಂತೆ ಬರೆಯುವುದನ್ನು ಕಲಿಸುತ್ತಿದ್ದಾರೋ, ನಿಜ ಬರೆಯುವುದನ್ನೋ ಗೊತ್ತಾಗುತ್ತಿಲ್ಲ. ಎರಡಕ್ಕೂ ಒಂದೇ ಅಂಕ.

ಈಗ ಬರೆಯುವ ಮನಸ್ಸೂ ಇಲ್ಲ. ಬೀದರಿಗೆ ಹೋದ ಮೇಲೆ ನೋಡುತ್ತೇನೆ.

ಮೀರಾ


ಔರಾದ
19-8-1958

ಚಿ. ಮೀರಾ,

ಕಾಲೇಜು ಬಿಟ್ಟು ಅವ್ವನ ಸೆರಗು ಹಿಡಿದು ಕೂತಿದ್ದೀ ಎಂದು ತಿಳಿದು ಒಂದಿಷ್ಟು ಬೇಜಾರಾಯಿತು. ಮನೆ ನೆನಪು ಎಲ್ಲರಿಗೂ ಆಗುತ್ತದೆ. ಆದರೆ ಮಳೆಯ ನೆಪ ಮಾಡಿ ಪಾಠ ತಪ್ಪಿಸಬೇಡ. ಅಕ್ಕ ನಿನ್ನನ್ನು ಮುದ್ದು ಮಾಡಿ ಕೆಡಿಸುತ್ತಾಳೆ, ನನ್ನನ್ನೂ ಹಾಗೆಯೇ ಕೆಡಿಸಿದಳು.

ಸಾವಿನ ಕಾರ್ಡಿನ ಬಗ್ಗೆ ಹೇಳುತ್ತೇನೆ, ಕೇಳು. ಆ ರಾಮಪ್ಪನನ್ನು ಬಿಟ್ಟುಬಿಡು, ಪಾಪ, ಹುಟ್ಟದೇ ಸತ್ತವನು. ಬರೆಯುವವರ ಕೈಗೆ ನೋಯುವಂಥ ಹೆಸರು ಬೇಕು. ನಿನ್ನ ಮನೆಯದೇ ಸಾವೆಂದು ತಿಳಿದು ಬರೆ. ಬೇಕಾದರೆ ನನ್ನನ್ನೇ ಸಾಯಿಸು, ನಾನೇನೂ ಅನ್ನುವುದಿಲ್ಲ, ಹೇಗೆ ಸತ್ತೆನೆಂದು ಓದಿ ನೋಡುವ ಆಸೆಯೂ ಇದೆ.

ಮೂರು ನಾಲ್ಕು ಮಾತಿಗಿಂತ ಹೆಚ್ಚು ಬೇಡ. 'ಸ್ವರ್ಗಸ್ಥ' 'ವಿಷಾದ' ಯಾವುದೂ ಬೇಡ, ಅಂಥ ಹೊತ್ತಿನಲ್ಲಿ ಯಾರಿಗೂ ಅವು ನೆನಪಾಗುವುದಿಲ್ಲ. ಬರೆದು ಮುಗಿದ ಮೇಲೆ ಕಾರ್ಡಿನ ಒಂದು ಮೂಲೆ ಹರಿ. ಇದು ನಿಮ್ಮ ಸರ್‌ಗೆ ತಿಳಿದಿರಲಿಕ್ಕಿಲ್ಲ. ಹರಿದ ಮೂಲೆ ಕಂಡರೆ ನಮ್ಮ ಜನ ಕಾರ್ಡನ್ನು ಹೊಸ್ತಿಲೊಳಗೆ ತರುವುದಿಲ್ಲ, ಹೊರಗೇ ನಿಂತು ಓದಿಸಿಕೊಂಡು ಅಲ್ಲೇ ಚೂರು ಮಾಡುತ್ತಾರೆ. ಹಾಗೆ ಹರಿದೇ ನನಗೆ ಕಳಿಸು. ಪರೀಕ್ಷೆ ಮಾಡೋಣ.

ಅಕ್ಕನಿಗೆ ಹೇಳು, ಹೊಳೆ ಇಳಿದ ಮೇಲೆ ಬರುತ್ತೇನೆ.

ಕಾಶೀರಾಮ


ಭಾಲ್ಕಿ
1-9-1958

ಮಾಮಾ ಅವರಿಗೆ,

ಅವ್ವ ನಿನ್ನೆ ಬೆಳಗಿನ ಜಾವ ಹೋದಳು. ತಿಂಗಳಿಂದ ಜ್ವರ ಇತ್ತು. ನಿಮಗೆ ಹೇಳಲು ಕಳಿಸಿದ ಮನುಷ್ಯ ಹೊಳೆ ದಾಟಲಾಗದೆ ತಿರುಗಿ ಬಂದ. ಸಂಜೆಯ ತನಕ ನಿಮ್ಮ ದಾರಿ ನೋಡಿ ಮಣ್ಣು ಕೊಟ್ಟರು. ದಿವಸ ಹನ್ನೆರಡನೇ ತಾರೀಖು. ಬನ್ನಿ.

ಮೀರಾ


ಔರಾದ
7-9-1958

ಚಿ. ಮೀರಾ,

ಭಲೇ!

ಬೇರೆ ಮಾತು ಹೊಳೆಯುತ್ತಿಲ್ಲ. ಹೊಳೆ ನಿನ್ನೆಯಷ್ಟೇ ಇಳಿದು ಟಪಾಲು ಬಂತು. ಲಾಲ ಅಹ್ಮದ ಅಂಗಳದಲ್ಲಿ ನಿಂತ, ಕಣ್ಣೆತ್ತಿ ನೋಡಲಿಲ್ಲ, ಕೂಡೆಂದರೆ ಕೂಡಲಿಲ್ಲ. ಕಾರ್ಡನ್ನು ಕಟ್ಟೆಯ ಮೇಲಿಟ್ಟು, "ಕಾಶೀರಾಮಣ್ಣ, ಮನಸು ಗಟ್ಟಿ ಮಾಡ್ಕೋರಿ" ಎಂದ. ಮೂಲೆ ಹರಿದಿತ್ತು. ಒಂದು ಗಳಿಗೆ ನಾನೂ ನಂಬಿಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಓದಿದೆ. ನಿನ್ನ ಕೈ ಬರಹ ಕಂಡು ನಗು ಬಂತು. "ಏ ಹುಚ್ಚಾ, ಇದು ಅಭ್ಯಾಸದ್ದು! ನಾನೇ ಹೇಳಿ ಹರಿಸೀನಿ" ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ನಿನ್ನ ಮಾಮಿಗೆ ಇನ್ನೂ ಬಂದಿಲ್ಲ. ನಾನು ಕಾರ್ಡನ್ನು ಒಳಗೆ ತಂದೆನೆಂದು ಊಟ ಬಿಟ್ಟು ಕೂತಿದ್ದಾಳೆ. "ನನಗ ಬರೋಬರಿ ಅನ್ಸವಲ್ದು. ಒಂದ್ ಸಲ ಭಾಲ್ಕಿಗಿ ಹೋಗಿ ಬರ್ರಿ" ಎಂದು ಒಂದೇ ಸಮನೆ. ಲಗ್ನಪತ್ರಿಕೆಗೂ ಹೀಗೆಯೇ ಕುಣಿದಿದ್ದಳು.

ನನ್ನನ್ನು ಸಾಯಿಸುತ್ತೀ ಎಂದುಕೊಂಡಿದ್ದೆ. ನೇರವಾಗಿ ಅಕ್ಕನಿಗೇ ಕೈ ಹಾಕಿದೆ. ಅಷ್ಟು ಧೈರ್ಯ ನನಗೂ ಇರಲಿಲ್ಲ. ಹೊಳೆ ತುಂಬಿದ್ದು, ಹೋದ ಮನುಷ್ಯ ತಿರುಗಿ ಬಂದದ್ದು, ಇವನ್ನು ಯಾರೂ ಕಲಿಸಿ ಬರುವುದಿಲ್ಲ. ರಾಮಪ್ಪನ ಸಾವನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡು, ಎಷ್ಟು ದೂರ ಬಂದಿದ್ದೀ ಎಂದು ತಿಳಿಯುತ್ತದೆ.

ತಿದ್ದಬೇಕಾದದ್ದು ಎರಡಿದೆ. ಒಂದು, ಇಂಥ ಕಾರ್ಡು ಮನೆಯ ಗಂಡಸಿನ ಹೆಸರಿನಲ್ಲಿ ಬರಬೇಕು. ಗೋರಖನಾಥ ಭಾವನ ಹೆಸರು ಹಾಕು. ಎರಡನೆಯದು, 'ನಿಮ್ಮ ದಾರಿ ನೋಡಿ' ಎಂದಿದ್ದೀಯಲ್ಲ, ಅದನ್ನು ತೆಗೆ. ಕಾರ್ಡು ಬರೆದುಕೊಡುವವರು ಈ ಮಾತನ್ನು ಎಂದೂ ಹಾಕುವುದಿಲ್ಲ. ಓದಿದವನು ಸಾಯುವ ತನಕ ಅದನ್ನು ಹೊತ್ತು ತಿರುಗಬೇಕಾಗುತ್ತದೆ. 'ಮಣ್ಣು ಕೊಟ್ಟರು' ಎಂದಷ್ಟೇ ಸಾಕು.

ಇಷ್ಟು ತಿದ್ದಿದರೆ ನಿಮ್ಮ ಸರ್ ಮಾತಾಡುವ ಹಾಗಿಲ್ಲ. ಇನ್ನು ಯೋಚನೆಯೇ ಬೇಡ, ಕನ್ನಡ ಎಂದು ಬರೆದು ಕೊಡು. ಈ ಕೈ ಲೆಕ್ಕ ಬರೆಯಲು ಹುಟ್ಟಿದ್ದಲ್ಲ.

ಈ ಕಾಗದ ಅಕ್ಕನಿಗೆ ಓದಿ ಹೇಳು. "ನಮ್ಮ ತಮ್ಮ ನನ್ನ ಸಾವು ತಿದ್ಲಿಕ್ಕಿ ಕೂತಾನ" ಎಂದು ಬೈದರೆ, ಆ ಬೈಗುಳವನ್ನೂ ಬರೆದು ಕಳಿಸು.

ಕಾಶೀರಾಮ


ಭಾಲ್ಕಿ
13-9-1958

ಮಾಮಾ,

ಅದು ಪಾಠದ ಕಾರ್ಡಲ್ಲ. ಅವ್ವ ಖರೇನೇ ಹೋದಳು.

ಇದನ್ನು ಓದುವಾಗ ಮಾಮಿಯನ್ನು ಹತ್ತಿರ ಕೂಡಿಸಿಕೊಳ್ಳಿರಿ.

ಜುಲೈ ಕೊನೆಗೆ ಜ್ವರ ಹಿಡಿಯಿತು. ನಾನು ಆಗಸ್ಟಿನಲ್ಲಿ ಬರೆದಾಗ ಅವ್ವ ಎದ್ದು ಕೂಡುತ್ತಿರಲಿಲ್ಲ. "ಕಾಶ್ಯಾಗ ಹೇಳಿದ್ರ ಹೊಳ್ಯಾಗ ಬಿದ್ದು ಬರ್ತಾನ, ಹೇಳಬ್ಯಾಡ" ಎಂದು ನನ್ನ ಕೈ ಹಿಡಿದು ಮಾತು ತಗೊಂಡಿದ್ದಳು. ನಾನು ಹೇಳಬೇಕಾಗಿತ್ತು. ಅವಳು ಸತ್ತ ಮರುದಿನ ಅಪ್ಪನಿಗೆ ಕೈ ಆಡಲಿಲ್ಲ, ನಾನೇ ಕಾರ್ಡು ಬರೆದೆ. ಬರೆದು ಮೂಲೆ ಹರಿಯುವಾಗಲೂ ನೀವು ಹೀಗೆ ತಿಳಿಯಬಹುದೆಂದು ನನ್ನ ತಲೆಗೆ ಬರಲಿಲ್ಲ. ಪಾಠ, ಸರ್, ಅಭ್ಯಾಸ ಇವೆಲ್ಲ ಎಲ್ಲೋ ಹೋಗಿದ್ದವು.

ನಿನ್ನೆ ಅವ್ವನ ದಿವಸದ ಕಾರ್ಯ. ಅಂಗಳದ ತುಂಬ ಜನ. ನೀವು ಬರುತ್ತೀರೆಂದು ಅಪ್ಪ ಬಸ್ಸಿನ ಸಪ್ಪಳ ಬಂದಾಗೆಲ್ಲ ಎದ್ದು ಹೋಗಿ ನೋಡಿದರು. ನೀವು ಬರಲಿಲ್ಲ, ನಿಮ್ಮ ಕಾಗದ ಬಂತು. ಅಪ್ಪನ ತಂಗಿ, ಆ ದೊಡ್ಡ ದನಿಯ ಅತ್ಯಾ ನಿಮಗೆ ಗೊತ್ತಲ್ಲ, "ತವರಿನ ಸೀರಿ ಇಲ್ಲದೇ ಮಣ್ಣಿಗಿ ಹೋದಳು. ಇವತ್ತರ ತಮ್ಮ ಬರ್ತಾನ ಅಂದ್ರ ಕಾಗದ ಹಾಕ್ಯಾನ!" ಎಂದಳು. ಅಪ್ಪ, "ಸುಮ್ನಿರು. ಓದವ್ವ ಮೀರಾ, ಕಾಶೀರಾಮ ಏನ್ ಬರದಾನ, ಎಲ್ಲಾರೂ ಕೇಳ್ಲಿ" ಎಂದರು.

ಒಡೆದೆ. 'ಭಲೇ' ಎಂಬುದನ್ನು ನೋಡಿದೆ. ಉಳಿದದ್ದರ ಮೇಲೆ ಕಣ್ಣು ಆಡಿಸಿದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಮಾಮಾ, ನಾನು ನೀವು ಬರೆಯದೇ ಇದ್ದದ್ದನ್ನು ಓದಿದೆ.

ಕಾಲು ಮುರಿದ ಹಾಗಾಗಿ ಬಿದ್ದುಕೊಂಡಿದ್ದೀರಿ, ಎದ್ದು ನಿಲ್ಲಲು ಬರುವುದಿಲ್ಲ, ಸೀರೆ ತಂದಿಟ್ಟಿದ್ದೀರಿ ಎಂದು ಓದಿದೆ. ಅತ್ಯಾ ಇನ್ನೂ ಮೂಗು ಮುರಿಯುತ್ತಿದ್ದಳು. ಇಷ್ಟು ಸಾಲದು ಅನ್ನಿಸಿತು. ದಿವಸಕ್ಕೆಂದು ಮುಂಜಾನೆಯೇ ಸಗಣಿಯಿಂದ ಸಾರಿಸಿದ ಗೋಡೆ ಎದುರಿಗಿತ್ತು. ನೀವು ಸಣ್ಣವರಿದ್ದಾಗ ಇದ್ದಿಲಿನಿಂದ ಗೋಡೆಯ ಮೇಲೆ ಅಕ್ಷರ ತಿದ್ದುತ್ತಿದ್ದದ್ದು, ನಿಮ್ಮಪ್ಪ ಕಂಡರೆ ಹೊಡೆಯುತ್ತಿದ್ದದ್ದು ನೀವೇ ಹೇಳಿದ್ದಿರಿ. ಅಷ್ಟು ನನಗೆ ಗೊತ್ತಿತ್ತು. ಅದರ ಮೇಲೆ ಹೀಗೆ ಓದಿದೆ: 'ಅಕ್ಕಾ, ಅಪ್ಪ ಏಳುವುದಕ್ಕೆ ಮುಂಚೆ ನೀನು ಎದ್ದು ಗೋಡೆ ಸಾರಿಸಿ ನನ್ನ ಅಕ್ಷರ ಮುಚ್ಚುತ್ತಿದ್ದೆ. ನನಗೆ ತಿಳಿದಿತ್ತು, ಎಂದೂ ಹೇಳಲಿಲ್ಲ. ಇವತ್ತು ನಾನು ನಾಲ್ಕು ಜನರಿಗೆ ಕಾಗದ ಬರೆದುಕೊಡುತ್ತೇನೆಂದರೆ, ನೀನು ದಿನಾ ಸಾರಿಸಿ ಕೊಟ್ಟ ಆ ಗೋಡೆಯಿಂದ.'

ಅವ್ವ ಅಂಥದ್ದೇನೂ ನನಗೆ ಹೇಳಿರಲಿಲ್ಲ. ಗೋಡೆ ನೋಡಿ ನಾನೇ ಹುಟ್ಟಿಸಿದ್ದು. ಎಲ್ಲರಿಗಿಂತ ಜೋರಾಗಿ ಅತ್ಯಾ ಅತ್ತಳು. ಅಪ್ಪ ಮೊದಲ ಸಲ ಅತ್ತರು. ಆಮೇಲೆ ಆ ಕಾಗದವನ್ನು ನೀರೊಲೆಗೆ ಹಾಕಿದೆ. ನೀವು ಇಲ್ಲಿಗೆ ಬಂದಾಗ ಅದನ್ನು ನೀವೇ ಬರೆದದ್ದೆಂದು ಹೇಳಿರಿ.

ನಾನು ಮಾತ್ರ ಅಳಲಿಲ್ಲ. ಹೆತ್ತವ್ವನ ದಿವಸದ ದಿನ, ಜನ ಅಳುತ್ತಿರುವಾಗ, ನಾನು ಮುಂದಿನ ವಾಕ್ಯ ಹುಡುಕುತ್ತಿದ್ದೆ. ಸಿಕ್ಕಾಗ ಒಳಗೆ ಸಣ್ಣದೊಂದು ಸಂತೋಷವೂ ಆಯಿತು. ಅದನ್ನು ನೆನೆದರೆ ನನಗೆ ನನ್ನದೇ ಹೆದರಿಕೆಯಾಗುತ್ತದೆ. ಇದನ್ನೇನಾ ಮಾಮಾ ನಾನು ಮೂರು ವರ್ಷ ಕೂತು ಕಲಿಯಬೇಕೆಂದಿದ್ದದ್ದು?

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ.

ಮೀರಾ


ಔರಾದ
18-9-1958

ಮೀರಾ,

ನಿನ್ನ ಕಾಗದವನ್ನು ಗಫೂರ ಸಾಹೇಬರಿಂದ ಓದಿಸಿಕೊಂಡೆನೆಂದು ಹೇಳಿದರೆ ನಗಬೇಡ. ಎರಡನೆಯ ಸಾಲಿನ ಮುಂದೆ ನನಗೆ ಅಕ್ಷರ ಕೂಡಲಿಲ್ಲ. ಅವರಿಗೆ ಕನ್ನಡ ಸರಿಯಾಗಿ ಬರುವುದಿಲ್ಲ. ತಡೆದು ತಡೆದು ಓದಿದರು.

ಮಾಮಿ ಆ ಕಾರ್ಡನ್ನು ಹೊರಗೆ ಒಯ್ದು ಹರಿದಳು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಭಾಲ್ಕಿಗೆ ಹೊರಟು ಬಸ್ಸಿನ ತನಕ ಹೋಗಿ ತಿರುಗಿ ಬಂದೆ. ಕಾಲು ನೆಟ್ಟಗಿದೆಯಲ್ಲ.

ಕಾಶೀರಾಮ


ಔರಾದ
27-10-1958

ಚಿ. ಮೀರಾ,

ದಸರೆ ಮುಗಿದ ಮೇಲೆ ಭಾಲ್ಕಿಗೆ ಹೋಗಿ ಬಂದೆ. ನೀನು ಬೀದರಿನಲ್ಲಿದ್ದೆ. ನೀನಿಲ್ಲದಾಗಲೇ ಹೋಗಬೇಕೆಂದು ಹೋದೆ.

ಮಾಮಿ ಹಸಿರು ಇಳಕಲ್ ಸೀರೆ ಆರಿಸಿದಳು. ನಿಮ್ಮ ಓಣಿಯ ತಿರುವಿನ ತನಕ ಸರಿಯಾಗಿ ನಡೆದೆ. ಭಾವ ಕಟ್ಟೆಯ ಮೇಲೆ ಕೂತಿದ್ದರು. "ಕಾಲು ಹ್ಯಾಂಗದನೋ ಕಾಶೀರಾಮ?" ಎಂದು ಎದ್ದು ಬಂದರು. ನಾನು ಕುಂಟಿದೆ ಮೀರಾ. ಎಡಗಾಲೋ ಬಲಗಾಲೋ ನೀನು ಬರೆದಿರಲಿಲ್ಲ, ಎಡಗಾಲು ಕುಂಟಿದೆ. ಭಾವ ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದರು. ನಾನು ಹತ್ತಿಸಿಕೊಂಡೆ.

ಸೀರೆಯನ್ನು ಅಕ್ಕನ ಮಣ್ಣಿನ ಮೇಲೆ ಹಾಸಿ ಬಂದೆವು. ದಾರಿಯಲ್ಲಿ ಭಾವ, "ಕಾಗದ ಛಲೋ ಬರದಿದ್ದಿ. ಇಷ್ಟ ವರ್ಷ ಸಂಸಾರ ಮಾಡೀನಿ, ಗೋಡಿ ಸಾರಸೂ ಮಾತು ಅಕಿ ನನಗ ಹೇಳೇ ಇಲ್ಲ ನೋಡು. ಓಣ್ಯಾಗಿನ ಹೆಣ್ಮಕ್ಕಳು ಇನ್ನೂ ಅದನ್ನೇ ಮಾತಾಡ್ಲತಾರ" ಎಂದರು. ನಾನು ತಲೆ ತಗ್ಗಿಸಿ ಕುಂಟುತ್ತಾ ಹೋದೆ.

ಈಗ ಒಂದು ಮಾತು ಕೇಳುತ್ತೇನೆ. ಆ ಗೋಡೆಯ ಮಾತನ್ನು ನೀನೇ ಹುಟ್ಟಿಸಿದ್ದೆಂದು ಬರೆದಿದ್ದೆ. ಆದರೆ ಮಗಳೇ, ನನಗೆ ನೆನಪಾಗುತ್ತಿದೆ. ಊರಿಗೆ ಬಂದ ರಾತ್ರಿಯಿಂದ ಸ್ವಚ್ಛ ಕಾಣುತ್ತಿದೆ. ಮುಂಜಾನೆ ಎದ್ದಾಗ ಆ ಗೋಡೆ ಹಸಿ ಇರುತ್ತಿತ್ತು. ಅಕ್ಕನ ಮುಂಗೈಗೆ ಸಗಣಿ ಹತ್ತಿರುತ್ತಿತ್ತು. ಅಪ್ಪನಿಗೆ ನನ್ನ ಅಕ್ಷರ ಕಾಣುತ್ತಿಲ್ಲ ಎಂದು ನಾನು ಜಂಬ ಪಡುತ್ತಿದ್ದೆ. ಯಾಕೆ ಕಾಣುತ್ತಿಲ್ಲ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಇಷ್ಟನ್ನು ಯಾರಾದರೂ ಹುಟ್ಟಿಸಲು ಬರುತ್ತದೇನು? ಅಕ್ಕ ಯಾವಾಗಲೋ ನಿನಗೆ ಹೇಳಿರಬೇಕು, ನೀನು ಮರೆತಿದ್ದೀ, ಆ ಹೊತ್ತಿಗೆ ಬಾಯಿಗೆ ಬಂದಿದೆ. ಹಾಗೆಯೇ ಇರಬೇಕಲ್ಲ? ಹೌದೆಂದು ಒಂದು ಸಾಲು ಬರೆ. ಬೇರೆ ಏನೂ ಬರೆಯದಿದ್ದರೂ ನಡೆಯುತ್ತದೆ.

ಮುಖ್ಯ ವಿಷಯದ ಮಾತನ್ನು ನಾನು ಇನ್ನು ಎತ್ತುವುದಿಲ್ಲ. ಕನ್ನಡ ತಗೋ ಎಂದು ಹೇಳುವ ಬಾಯಿ ನನಗೆ ಉಳಿದಿಲ್ಲ, ಬೇಡ ಅನ್ನುವ ಮನಸ್ಸೂ ಇಲ್ಲ. ಬೇವಿನ ಗಿಡದ ಕೆಳಗೆ ಕೂಡುತ್ತೇನೆ. ಸಾವಿನ ಕಾರ್ಡು ಬರೆಸಲು ಬಂದವರನ್ನು ಗಫೂರ ಸಾಹೇಬರ ಕಡೆ ಕಳಿಸುತ್ತೇನೆ. ಅವರು ಉರ್ದುವಿನಲ್ಲೇ ಬರೆಯುತ್ತಾರೆ.

ನಿನ್ನ ಮಾಮಾ


ಬೀದರ
6-11-1958

ಮಾಮಾ ಅವರಿಗೆ ನಮಸ್ಕಾರಗಳು. ಮಾಮಿಗೂ.

ನಾಳೆಯಿಂದ ಸೂಟಿ. ಅಪ್ಪ ಒಬ್ಬರೇ ಇರುತ್ತಾರೆ, ಭಾಲ್ಕಿಗೆ ಹೋಗುತ್ತಿದ್ದೇನೆ.

ಸರ್ ಸಾವಿನ ಪತ್ರದ ಅಭ್ಯಾಸ ಕೇಳಿದರು. ಬರೆದಿಲ್ಲ ಎಂದೆ. ಸಲೋಮಿ ಟೀಚರು ಅವರಿಗೆ ಸುದ್ದಿ ಹೇಳಿದ್ದರಂತೆ, ಅವರು ಮತ್ತೆ ಕೇಳಲಿಲ್ಲ. ಮುಖ್ಯ ವಿಷಯ ಇವತ್ತು ಬರೆದು ಕೊಟ್ಟೆ. ಅರ್ಥಶಾಸ್ತ್ರ. ಸರ್ ಚೀಟಿ ನೋಡಿ, "ಯಾಕಮ್ಮಾ? ನೀವು ಕನ್ನಡ ತಗೋತೀರಿ ಅಂತ ನಾನು ಅಂದುಕೊಂಡಿದ್ದೆ" ಎಂದರು. "ನಮ್ಮಪ್ಪನ ಇಚ್ಛಾ ಅದರಿ ಸರ್" ಎಂದೆ. ಅವರು ಚೀಟಿಯನ್ನು ಉಳಿದ ಚೀಟಿಗಳ ಕೆಳಗೆ ಇಟ್ಟರು. ಅರ್ಥಶಾಸ್ತ್ರದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರೆ ಸಾಕಂತೆ, ಏನನ್ನೂ ಹುಟ್ಟಿಸಬೇಕಾಗಿಲ್ಲ.

ನೀವು ಕೇಳಿದ್ದಕ್ಕೆ.

ಹೌದು ಮಾಮಾ. ಅವ್ವ ಹೇಳಿದ್ದಳು. ಆ ದಿನದ ಗೊಂದಲದಲ್ಲಿ ನಾನೇ ಹುಟ್ಟಿಸಿದೆನೆಂದು ನಿಮಗೆ ಬರೆದುಬಿಟ್ಟೆ. ಶ್ರಾವಣದಲ್ಲಿ ಒಂದು ಮಧ್ಯಾಹ್ನ ಜ್ವರ ಸ್ವಲ್ಪ ಇಳಿದಿತ್ತು. ಗಂಜಿ ಕುಡಿದು ಗೋಡೆಗೆ ಒರಗಿ ಕೂತಿದ್ದಳು, ಆಗ ಹೇಳಿದಳು. ದಿನಾ ಸಾರಿಸುತ್ತಿದ್ದಳಂತೆ. ಒಂದು ದಿನ ಮನೆಯಲ್ಲಿ ಸಗಣಿ ಇರಲಿಲ್ಲವಂತೆ. ಅಜ್ಜ ಎದ್ದು ಕೆಮ್ಮಿದ್ದು ಕೇಳಿ, ಏನೂ ತೋಚದೆ, ಅಕ್ಷರದ ಮೇಲೆ ಬೆನ್ನು ಕೊಟ್ಟು ನಿಂತುಬಿಟ್ಟಳಂತೆ. ಅವರು ಹೊಲಕ್ಕೆ ಹೋಗುವ ತನಕ ಕದಲಲಿಲ್ಲವಂತೆ. ಹೊರಗೆ ಹೋದಾಗ ಓಣಿಯ ಹುಡುಗಿಯರು ನಕ್ಕರಂತೆ. ನೀವು ಬರೆದದ್ದೆಲ್ಲ ಅವಳ ಕುಪ್ಪಸದ ಬೆನ್ನಿಗೆ ಹತ್ತಿತ್ತಂತೆ.

ಮೀರಾ